ಕಾರ್ ಸ್ಪೀಕರ್‌ಗೆ ಪ್ಯಾಸಿವ್ ಕ್ರಾಸ್‌ಓವರ್: ಅಳತೆಯಿಂದ ಜೋಡಣೆಯವರೆಗೆ ನೀವೇ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬಿಡಿ ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್) ಕೊಂಡರೆ ಎಷ್ಟೋ ಸಲ ಅದರ ತಂತಿಯಲ್ಲೇ ಒಂದು ಪುಟ್ಟ ಕೆಪಾಸಿಟರ್ ಬೆಸೆದು ಬಂದಿರುತ್ತದೆ. ತುಂಬ ಜನ ಅದನ್ನು ಬಾಗಿಲಿನ ಸ್ಪೀಕರ್ ತಂತಿಗೇ ಸೇರಿಸಿ, ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮೇಲಿನ ಸ್ವರಗಳನ್ನು ಒಂದು ಸ್ಪೀಕರ್‌ಗೆ, ಕೆಳಗಿನದನ್ನು ಇನ್ನೊಂದಕ್ಕೆ ಹಂಚುವುದೇ ಕ್ರಾಸ್‌ಓವರ್. ಅದೂ ಕ್ರಾಸ್‌ಓವರ್ ಹೌದು, ಆದರೆ ಅರ್ಧ ಮಾತ್ರ. ಆ ಕೆಪಾಸಿಟರ್ 4.7 ಮೈಕ್ರೋಫ್ಯಾರಡ್, ಟ್ವೀಟರ್ 4 ಓಮ್ ಅಂತಿಟ್ಟುಕೊಳ್ಳಿ. ಆಗ ಟ್ವೀಟರ್ ಸರಿಯಾಗಿ ನುಡಿಯುವುದು ಸುಮಾರು 8,500 ಹರ್ಟ್ಸ್‌ನಿಂದ ಮೇಲೆ. ಅದರ ಕೆಳಗಿನದನ್ನೆಲ್ಲ ಬಾಗಿಲಿನ ವೂಫರ್ (ಕೆಳಗಿನ ಸ್ವರಗಳ ದೊಡ್ಡ ಸ್ಪೀಕರ್) ಒಂದೇ ಹೊರಬೇಕು. ಕಾಲಿನ ಹತ್ತಿರ ಕೂತಿರುವ ಆರೂವರೆ ಇಂಚಿನ ವೂಫರ್‌ನಿಂದ 3,000 ಹರ್ಟ್ಸ್ ಮೇಲಿನ ಸದ್ದು ನಿಮ್ಮ ಕಿವಿಯವರೆಗೆ ಸರಿಯಾಗಿ ಬರುವುದೇ ಇಲ್ಲ. ನಡುವೆ ಒಂದು ಹಳ್ಳ ಬೀಳುತ್ತದೆ. ಹಾಡುವವರ ಅಕ್ಷರಗಳ ಸ್ಪಷ್ಟತೆ, ತಂತಿವಾದ್ಯದ ಮೀಟು, ಡ್ರಮ್ ಪೆಟ್ಟಿನ ಚುರುಕು ಇವೆಲ್ಲ ಇರುವುದು ಅಲ್ಲೇ.

ಈ ಹಳ್ಳ ಮುಚ್ಚುವುದಕ್ಕೆ ಒಂದು ಬದಿಗೆ ಮೂರು ಕೆಪಾಸಿಟರ್, ಎರಡು ತಾಮ್ರದ ಕಾಯಿಲ್, ಕೆಲವು ರೆಸಿಸ್ಟರ್ ಸಾಕು. ಕಷ್ಟದ ಕೆಲಸ ಬೆಸುಗೆಯಲ್ಲ. ಬಾಕ್ಸ್ ಮೇಲೆ ಅಚ್ಚಾದ ಸಂಖ್ಯೆಯನ್ನು ನಂಬದೆ, ನಿಮ್ಮ ಕೈಯಲ್ಲಿರುವ ಸ್ಪೀಕರ್ ನಿಜವಾಗಿ ಹೇಗಿದೆ ಅಂತ ಅಳೆದು ನೋಡುವುದೇ ಇಲ್ಲಿನ ಮುಖ್ಯ ಕೆಲಸ. ಅದಕ್ಕೇ ಈ ಬರಹದಲ್ಲಿ ಅಳತೆಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಇದು ಎಲ್ಲಿಗೆ ಸರಿ, ಎಲ್ಲಿಗೆ ಬೇಡ

ಕೆಪಾಸಿಟರ್ ಮೇಲಿನ ಸ್ವರಗಳನ್ನು ಸುಲಭವಾಗಿ ಬಿಡುತ್ತದೆ, ಕೆಳಗಿನದನ್ನು ತಡೆಯುತ್ತದೆ. ಕಾಯಿಲ್ ಇದರ ಉಲ್ಟಾ. ಹಾಗಾಗಿ ಟ್ವೀಟರ್ ದಾರಿಯಲ್ಲಿ ಕೆಪಾಸಿಟರ್, ವೂಫರ್ ದಾರಿಯಲ್ಲಿ ಕಾಯಿಲ್. ಆಂಪ್ಲಿಫೈಯರ್ ಆದ ಮೇಲೆ ಸ್ಪೀಕರ್ ತಂತಿಯಲ್ಲೇ ಕೂರುವ, ಬೇರೆ ಕರೆಂಟ್ ಬೇಡದ ಈ ಜೋಡಣೆಯನ್ನೇ ಪ್ಯಾಸಿವ್ ಕ್ರಾಸ್‌ಓವರ್ ಅನ್ನುವುದು.

ಟ್ವೀಟರ್ ಮತ್ತು ವೂಫರ್ ನಡುವೆ ಹಂಚುವುದಕ್ಕೆ ಇದು ಚೆನ್ನಾಗಿ ಒದಗುತ್ತದೆ. ಬರೀ ಬಾಸ್ ನುಡಿಸುವ ಸಬ್‌ವೂಫರ್‌ಗೆ ಮಾತ್ರ ಈ ದಾರಿ ಹಿಡಿಯಬೇಡಿ. 4 ಓಮ್ ಸಬ್ ಅನ್ನು 80 ಹರ್ಟ್ಸ್‌ನಲ್ಲಿ ಕತ್ತರಿಸಲು ಸುಮಾರು 8 ಮಿಲಿಹೆನ್ರಿ ಕಾಯಿಲ್ ಬೇಕು. ಅಷ್ಟು ದೊಡ್ಡ ಕಾಯಿಲ್‌ನ ತಾಮ್ರವೇ ಒಂದು ಹೊರೆ, ಅದರಲ್ಲಿ ಪೋಲಾಗುವ ಪವರ್ ಬೇರೆ. ಆಂಪ್ ಅಥವಾ ಸ್ಟೀರಿಯೋದಲ್ಲಿರುವ ಫಿಲ್ಟರ್ ಅದೇ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಚಿಕ್ಕ ಸ್ಪೀಕರ್‌ಗೆ ಬಾಸ್ ಹೋಗದಂತೆ ಒಂದು ದೊಡ್ಡ ಕೆಪಾಸಿಟರ್ ಹಾಕುವ ರೂಢಿಯೂ ಇದೆ. 4 ಓಮ್‌ಗೆ 200 ಹರ್ಟ್ಸ್ ಅಂದರೆ ಸುಮಾರು 200 ಮೈಕ್ರೋಫ್ಯಾರಡ್. ಏನೂ ಇಲ್ಲದ್ದಕ್ಕಿಂತ ಅದು ಮೇಲು. ಆದರೆ ಸ್ಪೀಕರ್‌ನ ರೆಸೊನೆನ್ಸ್ (ಅದು ತಾನಾಗಿ ಸುಲಭವಾಗಿ ಕಂಪಿಸುವ ಫ್ರೀಕ್ವೆನ್ಸಿ) ಹತ್ತಿರ ಇಂಪಿಡೆನ್ಸ್, ಅಂದರೆ ಏಸಿಗೆ ಸ್ಪೀಕರ್ ಒಡ್ಡುವ ತಡೆ, ಏರುವುದರಿಂದ ಲೆಕ್ಕದಷ್ಟು ತಡೆ ಸಿಗುವುದಿಲ್ಲ.

ಹಂತ 1: ಮೊದಲು ಸ್ಪೀಕರ್ ಅಳೆಯಿರಿ

ಬೇಕಾದ್ದು ಇಷ್ಟು: ಮಲ್ಟಿಮೀಟರ್, 10 ಓಮ್ 10 ವಾಟ್‌ನ ಒಂದು ರೆಸಿಸ್ಟರ್, ಮೊಬೈಲ್‌ನಲ್ಲಿ ಒಂದು ಟೋನ್ ಜನರೇಟರ್ ಆಪ್, ಮತ್ತು ಯಾವುದಾದರೂ ಒಂದು ಆಂಪ್.

ಮೊದಲು ಮೀಟರ್ ಅನ್ನು ಓಮ್‌ಗೆ ಇಟ್ಟು ವೂಫರ್, ಟ್ವೀಟರ್ ಎರಡನ್ನೂ ನೋಡಿ. 4 ಓಮ್ ಸ್ಪೀಕರ್ 3.2 ರಿಂದ 3.6 ಓಮ್ ತೋರಿಸಿದರೆ ಗಾಬರಿ ಬೇಡ. ಅದು ವಾಯ್ಸ್ ಕಾಯಿಲ್‌ನ (ಸ್ಪೀಕರ್ ಒಳಗೆ ಕೋನ್ ಅಲುಗಿಸುವ ಸುರುಳಿಯ) ಬರೀ ತಂತಿಯ ತಡೆ. ಕ್ರಾಸ್‌ಓವರ್‌ಗೆ ಬೇಕಾದ್ದು ಆ ಸಂಖ್ಯೆಯಲ್ಲ. ಯಾವ ಜಾಗದಲ್ಲಿ ಕತ್ತರಿಸುತ್ತೀರೋ ಅಲ್ಲಿನ ಇಂಪಿಡೆನ್ಸ್ ಎಷ್ಟು ಅಂತ ಗೊತ್ತಾಗಬೇಕು.

ಅದಕ್ಕೆ ಸ್ಪೀಕರ್ ಮತ್ತು 10 ಓಮ್ ರೆಸಿಸ್ಟರ್ ಅನ್ನು ಒಂದರ ಹಿಂದೆ ಒಂದು ಜೋಡಿಸಿ ಆಂಪ್‌ಗೆ ಕೊಡಿ. ಮೊಬೈಲ್‌ನಿಂದ 3,500 ಹರ್ಟ್ಸ್ ಸೈನ್ ಟೋನ್ ಬಿಡಿ. ವಾಲ್ಯೂಮ್ ತೀರಾ ಕಡಿಮೆ ಇರಲಿ, ಒಟ್ಟು ಒಂದೆರಡು ವೋಲ್ಟ್ ಬಂದರೆ ಸಾಕು. ಮೀಟರ್ ಅನ್ನು ಏಸಿ ವೋಲ್ಟ್‌ಗೆ ಇಟ್ಟು ಸ್ಪೀಕರ್ ಮೇಲಿನ ವೋಲ್ಟೇಜ್, ಆಮೇಲೆ ರೆಸಿಸ್ಟರ್ ಮೇಲಿನ ವೋಲ್ಟೇಜ್ ಬರೆದುಕೊಳ್ಳಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 10 ರಿಂದ ಗುಣಿಸಿದರೆ ಆ ಫ್ರೀಕ್ವೆನ್ಸಿಯಲ್ಲಿ ಸ್ಪೀಕರ್‌ನ ಇಂಪಿಡೆನ್ಸ್ ಸಿಗುತ್ತದೆ. ಸ್ಪೀಕರ್ ಮೇಲೆ 0.45, ರೆಸಿಸ್ಟರ್ ಮೇಲೆ 1.0 ವೋಲ್ಟ್ ಇದ್ದರೆ 4.5 ಓಮ್.

ಇಲ್ಲಿ ಒಂದು ಅನುಮಾನ ಬರಬಹುದು. ಸಾಮಾನ್ಯ ಮಲ್ಟಿಮೀಟರ್ ಏಸಿಯನ್ನು ಕೆಲವು ನೂರು ಹರ್ಟ್ಸ್‌ವರೆಗೆ ಮಾತ್ರ ಸರಿಯಾಗಿ ಅಳೆಯುತ್ತದೆ, 3,500 ರಲ್ಲಿ ತಪ್ಪು ತೋರಿಸುತ್ತದೆ ಅಲ್ವಾ? ನಿಜ. ಆದರೆ ಎರಡೂ ಅಳತೆ ಒಂದೇ ಫ್ರೀಕ್ವೆನ್ಸಿಯಲ್ಲಿ ಆಗುತ್ತಿದೆ. ಎರಡರಲ್ಲೂ ಒಂದೇ ಪ್ರಮಾಣದ ತಪ್ಪು ಇರುವುದರಿಂದ ಭಾಗಿಸಿದಾಗ ಅದು ಕಳೆದುಹೋಗುತ್ತದೆ. ಮೀಟರ್ ಅನ್ನು ಎರಡೂ ಸಲ ಒಂದೇ ರೇಂಜ್‌ನಲ್ಲಿ ಇಡಬೇಕು ಅಷ್ಟೇ. ರೀಡಿಂಗ್ ಸೊನ್ನೆಯ ಹತ್ತಿರಕ್ಕೇ ಕುಸಿದರೆ ಆ ಮೀಟರ್ ಈ ಕೆಲಸಕ್ಕೆ ಆಗದು.

ಇದೇ ಜೋಡಣೆಯಲ್ಲಿ ಟ್ವೀಟರ್‌ನ ರೆಸೊನೆನ್ಸ್ ಎಲ್ಲಿದೆ ಅಂತಲೂ ಹುಡುಕಿ. ಟೋನ್ ಅನ್ನು 5,000 ರಿಂದ ನಿಧಾನವಾಗಿ 700 ರವರೆಗೆ ಇಳಿಸುತ್ತಾ ಬನ್ನಿ. ಸ್ವಲ್ಪ ಸ್ವಲ್ಪ ಇಳಿಸಿದಾಗಲೆಲ್ಲ ಎರಡೂ ವೋಲ್ಟೇಜ್ ನೋಡಿ ಭಾಗಿಸಿ. ಉತ್ತರ ಎಲ್ಲಿ ಅತಿ ಹೆಚ್ಚಾಗುತ್ತದೋ ಅದೇ ರೆಸೊನೆನ್ಸ್. ಫೆರೋಫ್ಲೂಯಿಡ್ (ಕಾಂತಕ್ಕೆ ಅಂಟುವ ದ್ರವ) ತುಂಬಿದ ಟ್ವೀಟರ್‌ನಲ್ಲಿ ಏರಿಕೆ ಚಿಕ್ಕದಾಗಿರುತ್ತದೆ, ಸ್ವಲ್ಪ ತಾಳ್ಮೆಯಿಂದ ನೋಡಬೇಕು. ಈ ಅಳತೆಯಲ್ಲಿ ವಾಲ್ಯೂಮ್ ಏರಿಸಲೇಬೇಡಿ. ಕೆಪಾಸಿಟರ್ ರಕ್ಷಣೆ ಇಲ್ಲದ ಟ್ವೀಟರ್‌ಗೆ ಕೆಳಗಿನ ಸ್ವರಗಳು ತುಂಬ ಅಪಾಯ.

ಕಾರಿನ ಸ್ಟೀರಿಯೋವನ್ನೇ ಆಂಪ್ ಆಗಿ ಬಳಸುವವರು ಒಂದು ವಿಷಯ ನೆನಪಿಡಿ. ಈಗಿನ ಸ್ಟೀರಿಯೋಗಳ ಔಟ್‌ಪುಟ್ ಬಹುತೇಕ ಬ್ರಿಡ್ಜ್ ಮಾದರಿಯದು. ಸ್ಪೀಕರ್‌ನ ಪ್ಲಸ್, ಮೈನಸ್ ಎರಡೂ ತಂತಿಯಲ್ಲಿ ಕಾರಿನ ಲೋಹದ ಬಾಡಿಗೆ ಹೋಲಿಸಿದರೆ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ಇರುತ್ತದೆ. ಮೈನಸ್ ತಾನೇ ಅಂತ ಅದನ್ನು ಕಾರಿನ ಬಾಡಿಗೆ ಮುಟ್ಟಿಸಿದರೆ ಔಟ್‌ಪುಟ್ ಐಸಿ ಸುಟ್ಟುಹೋಗಬಹುದು. ಎಡ ಬಲಗಳ ಮೈನಸ್ ಅನ್ನು ಒಂದಾಗಿಸುವುದೂ ತಪ್ಪು. ಎರಡು ಬದಿಗೂ ಪೂರ್ತಿ ಬೇರೆ ಬೇರೆ ಕ್ರಾಸ್‌ಓವರ್ ಇರಲಿ.

ಹಂತ 2: ಎಲ್ಲಿ ಕತ್ತರಿಸಬೇಕು

ಎರಡು ಕಡೆಯಿಂದ ಯೋಚಿಸಿ. ಟ್ವೀಟರ್ ಕೆಳಗೆ ಎಷ್ಟು ದೂರ ಬರಬಲ್ಲದು? ವೂಫರ್ ಮೇಲೆ ಎಷ್ಟು ದೂರ ಹೋಗಬಲ್ಲದು?

ಟ್ವೀಟರ್‌ಗೆ ನಾನು ಪಾಲಿಸುವ ನಿಯಮ ಹೀಗಿದೆ. 12 ಡೆಸಿಬೆಲ್ ಇಳಿಜಾರಿನ ಫಿಲ್ಟರ್ (ಫ್ರೀಕ್ವೆನ್ಸಿ ಅರ್ಧವಾದಾಗಲೆಲ್ಲ ಟ್ವೀಟರ್ ಸದ್ದನ್ನು ಸುಮಾರು 12 ಡೆಸಿಬೆಲ್ ಇಳಿಸುವಂಥದ್ದು) ಆದರೆ ರೆಸೊನೆನ್ಸ್‌ನ ಎರಡರಷ್ಟಕ್ಕಿಂತ ಕೆಳಗೆ ಇಳಿಯಬಾರದು. ಒಂದೇ ಕೆಪಾಸಿಟರ್‌ನ 6 ಡೆಸಿಬೆಲ್ ಫಿಲ್ಟರ್ ಆದರೆ ಮೂರು ನಾಲ್ಕರಷ್ಟು ಮೇಲಿರಬೇಕು. ರೆಸೊನೆನ್ಸ್ 1,500 ಇದ್ದರೆ ಮೊದಲನೆಯದಕ್ಕೆ ಕನಿಷ್ಠ 3,000, ಎರಡನೆಯದಕ್ಕೆ 5,000 ದ ಆಸುಪಾಸು.

ವೂಫರ್‌ನ ಮಿತಿ ಅದರ ಕೋನ್ ಅಗಲದಿಂದ ಬರುತ್ತದೆ. ಸದ್ದಿನ ಅಲೆಯ ಉದ್ದ ಕೋನ್‌ನ ಅಗಲದಷ್ಟೇ ಆದಾಗ ಸದ್ದು ನೇರವಾಗಿ ಮುಂದಕ್ಕೆ ಮಾತ್ರ ಹೋಗಲು ಶುರುವಾಗುತ್ತದೆ, ಪಕ್ಕಕ್ಕೆ ಹರಡುವುದಿಲ್ಲ. ಆರೂವರೆ ಇಂಚಿನ ವೂಫರ್‌ನಲ್ಲಿ ನಿಜವಾಗಿ ಅಲುಗುವ ಭಾಗ ಸುಮಾರು 13 ಸೆಂಟಿಮೀಟರ್. ಸದ್ದಿನ ವೇಗ ಸೆಕೆಂಡಿಗೆ 343 ಮೀಟರ್. ಭಾಗಿಸಿದರೆ ಸುಮಾರು 2,600 ಹರ್ಟ್ಸ್. ಬಾಗಿಲಿನ ಸ್ಪೀಕರ್ ನಿಮ್ಮ ಮುಖಕ್ಕೆ ತಿರುಗಿಲ್ಲ, ಮೊಣಕಾಲಿಗೋ ಎದುರಿನ ಬಾಗಿಲಿಗೋ ತಿರುಗಿದೆ. ಆದ್ದರಿಂದ ಕಾರಿನಲ್ಲಿ ಈ ಮಿತಿ ಮನೆಗಿಂತ ಬೇಗ ಕಾಣುತ್ತದೆ.

ಹಾಗಾಗಿ ಹೆಚ್ಚಿನ ಆರೂವರೆ ಇಂಚು ಮತ್ತು ಒಂದು ಇಂಚಿನ ಜೋಡಿಗೆ 3,000 ದಿಂದ 4,000 ಹರ್ಟ್ಸ್ ನಡುವೆ ಎಲ್ಲಾದರೂ ಸರಿಹೋಗುತ್ತದೆ. ನಾವು 3,500 ಇಟ್ಟುಕೊಂಡು ಮುಂದೆ ಹೋಗೋಣ. ಟ್ವೀಟರ್ ಅರ್ಧ ಇಂಚಿನದಾದರೆ 5,000 ಕ್ಕೆ ಏರಿಸಿ. ಆಗ ಸ್ವಲ್ಪ ಹಳ್ಳ ಉಳಿಯುತ್ತದೆ, ಆದರೆ ಟ್ವೀಟರ್ ಉಳಿಯುತ್ತದೆ.

ಹಂತ 3: ಲೆಕ್ಕ

ಮೊದಲ ದರ್ಜೆಯ ಫಿಲ್ಟರ್, ಅಂದರೆ 6 ಡೆಸಿಬೆಲ್. ಟ್ವೀಟರ್‌ಗೆ ಒಂದು ಕೆಪಾಸಿಟರ್, ವೂಫರ್‌ಗೆ ಒಂದು ಕಾಯಿಲ್.

ಕೆಪಾಸಿಟರ್ (ಮೈಕ್ರೋಫ್ಯಾರಡ್) = 159155 ÷ (ಫ್ರೀಕ್ವೆನ್ಸಿ × ಇಂಪಿಡೆನ್ಸ್)
ಕಾಯಿಲ್ (ಮಿಲಿಹೆನ್ರಿ) = 159.2 × ಇಂಪಿಡೆನ್ಸ್ ÷ ಫ್ರೀಕ್ವೆನ್ಸಿ

4 ಓಮ್, 3,500 ಹರ್ಟ್ಸ್‌ಗೆ ಇದು 11.4 ಮೈಕ್ರೋಫ್ಯಾರಡ್ ಮತ್ತು 0.18 ಮಿಲಿಹೆನ್ರಿ. 10 ಮತ್ತು 1.5 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳನ್ನು ಪಕ್ಕಪಕ್ಕ ಸೇರಿಸಿದರೆ 11.5 ಆಗುತ್ತದೆ, ಅಷ್ಟು ಹತ್ತಿರ ಸಾಕು.

ಎರಡನೇ ದರ್ಜೆ, 12 ಡೆಸಿಬೆಲ್. ಟ್ವೀಟರ್ ದಾರಿಯಲ್ಲಿ ಮೊದಲು ಕೆಪಾಸಿಟರ್, ಅದಾದ ಮೇಲೆ ಟ್ವೀಟರ್‌ನ ಪ್ಲಸ್ ಮೈನಸ್ ನಡುವೆ ಅಡ್ಡಲಾಗಿ ಒಂದು ಕಾಯಿಲ್. ವೂಫರ್ ದಾರಿಯಲ್ಲಿ ಮೊದಲು ಕಾಯಿಲ್, ಆಮೇಲೆ ವೂಫರ್‌ಗೆ ಅಡ್ಡಲಾಗಿ ಕೆಪಾಸಿಟರ್. ಬಟರ್‌ವರ್ತ್ ಅನ್ನುವ ಫಿಲ್ಟರ್ ಲೆಕ್ಕದಲ್ಲಿ:

ಕೆಪಾಸಿಟರ್ = 112500 ÷ (ಫ್ರೀಕ್ವೆನ್ಸಿ × ಇಂಪಿಡೆನ್ಸ್)
ಕಾಯಿಲ್ = 225 × ಇಂಪಿಡೆನ್ಸ್ ÷ ಫ್ರೀಕ್ವೆನ್ಸಿ

ನಮ್ಮ ಸಂಖ್ಯೆಗೆ 8 ಮೈಕ್ರೋಫ್ಯಾರಡ್, 0.257 ಮಿಲಿಹೆನ್ರಿ ಬರುತ್ತದೆ. ಅಂಗಡಿಯಲ್ಲಿ ಸಿಗುವ ಬೆಲೆಗಳಲ್ಲಿ (ಇಲ್ಲಿ ಬೆಲೆ ಅಂದರೆ ಭಾಗದ ಅಳತೆ, ದುಡ್ಡಲ್ಲ) 8.2 ಮೈಕ್ರೋಫ್ಯಾರಡ್ ಮತ್ತು 0.25 ಮಿಲಿಹೆನ್ರಿ. ಇವೆರಡನ್ನು ಸೇರಿಸಿದರೆ 3,515 ಹರ್ಟ್ಸ್‌ಗೆ ಬಂದು ನಿಲ್ಲುತ್ತದೆ. ಎರಡೂ ದಾರಿಗೆ ಒಂದೇ ಬೆಲೆಯ ಭಾಗಗಳು, ಇದು ಕೆಲಸವನ್ನು ತುಂಬ ಸುಲಭ ಮಾಡುತ್ತದೆ. ಇಡೀ ಕಾರಿಗೆ ಒಂದೇ ತರಹದ ನಾಲ್ಕು ಕಾಯಿಲ್, ನಾಲ್ಕು ಕೆಪಾಸಿಟರ್.

ಯಾವುದು ಆರಿಸಿಕೊಳ್ಳಬೇಕು? ನನ್ನ ಸಲಹೆ ಎರಡನೇ ದರ್ಜೆಯೇ. 1,000 ಹರ್ಟ್ಸ್‌ನಲ್ಲಿ ಟ್ವೀಟರ್‌ಗೆ ಎಷ್ಟು ಸೋರುತ್ತದೆ ನೋಡಿ. 3,500 ರ ಮೊದಲ ದರ್ಜೆ ಅದನ್ನು ಸುಮಾರು 11 ಡೆಸಿಬೆಲ್ ಇಳಿಸುತ್ತದೆ, ಎರಡನೇ ದರ್ಜೆ ಸುಮಾರು 22 ಡೆಸಿಬೆಲ್. ಕಾರಿನಲ್ಲಿ ನಾವು ಜೋರಾಗಿ ಕೇಳುತ್ತೇವೆ, ರಸ್ತೆಯ ಗದ್ದಲವನ್ನು ಮೀರಬೇಕಲ್ಲ. ಆ 11 ಡೆಸಿಬೆಲ್ ವ್ಯತ್ಯಾಸದಿಂದಲೇ ಟ್ವೀಟರ್ ಬಹಳ ಕಾಲ ಬಾಳುತ್ತದೆ.

ಇದೇ ಜೋಡಣೆಗೆ ಇನ್ನೊಂದು ಲೆಕ್ಕವೂ ಇದೆ, ಲಿಂಕ್‌ವಿಟ್ಜ್-ರೈಲಿ. 1976 ರಲ್ಲಿ ಇಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಬರೆದ ಪ್ರಬಂಧದಿಂದ ಬಂದದ್ದು. ಬಟರ್‌ವರ್ತ್‌ನಲ್ಲಿ ಕತ್ತರಿಸುವ ಜಾಗದಲ್ಲಿ ಎರಡೂ ಸ್ಪೀಕರ್ 3 ಡೆಸಿಬೆಲ್ ಇಳಿದಿರುತ್ತವೆ, ಸರಿಯಾಗಿ ಸೇರಿದಾಗ ಅಲ್ಲಿ 3 ಡೆಸಿಬೆಲ್ ಉಬ್ಬು ಬರುತ್ತದೆ. ಲಿಂಕ್‌ವಿಟ್ಜ್-ರೈಲಿಯಲ್ಲಿ ಎರಡೂ 6 ಡೆಸಿಬೆಲ್ ಇಳಿದು, ಸೇರಿದಾಗ ಸಮವಾಗುತ್ತವೆ. 4 ಓಮ್, 3,500 ಕ್ಕೆ ಅದರ ಬೆಲೆಗಳು 5.6 ಮೈಕ್ರೋಫ್ಯಾರಡ್, 0.36 ಮಿಲಿಹೆನ್ರಿ. ಟ್ವೀಟರ್ ಡ್ಯಾಶ್‌ಬೋರ್ಡ್ ಮೇಲೆ ನಿಮ್ಮ ಮುಖಕ್ಕೇ ತಿರುಗಿದ್ದರೆ ಇದನ್ನು ಮಾಡಿ. ಬೇರೆ ಕಡೆ ಇದ್ದರೆ ಬಟರ್‌ವರ್ತ್‌ನ ಉಬ್ಬು ಒಮ್ಮೊಮ್ಮೆ ಉಪಕಾರವನ್ನೇ ಮಾಡುತ್ತದೆ.

ಅಳತೆಯಲ್ಲಿ ಟ್ವೀಟರ್ 4 ರ ಬದಲು 6 ಓಮ್ ತೋರಿಸಿದ್ದರೆ ಟ್ವೀಟರ್ ದಾರಿಯ ಲೆಕ್ಕಕ್ಕೆ 6 ಅನ್ನೇ ಹಾಕಿ. ವೂಫರ್ ವಿಷಯ ಬೇರೆ, ಅದನ್ನು ಹಂತ 5 ರಲ್ಲಿ ನೋಡೋಣ.

ಹಂತ 4: ಕೆಪಾಸಿಟರ್ ಕೊಳ್ಳಿ, ಕಾಯಿಲ್ ಸುತ್ತಿ

ಕೆಪಾಸಿಟರ್ ಪಾಲಿಪ್ರೊಪಿಲೀನ್ ಫಿಲ್ಮ್ ಆಗಿದ್ದರೆ ಒಳ್ಳೆಯದು. ದೊಡ್ಡದಾಗಿರುತ್ತದೆ, ಆದರೆ ವರ್ಷಗಳಾದರೂ ಬೆಲೆ ಬದಲಾಗುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬೇಗ ಒಣಗುತ್ತದೆ. ಕನಿಷ್ಠ ಟ್ವೀಟರ್ ದಾರಿಗಾದರೂ ಫಿಲ್ಮ್ ಹಾಕಿ. ಎಲೆಕ್ಟ್ರೋಲಿಟಿಕ್ ಹಾಕಲೇಬೇಕಾದರೆ ನಾನ್-ಪೋಲಾರ್ ಅಂತ ಬರೆದದ್ದು ಮಾತ್ರ. ಪ್ಲಸ್ ಮೈನಸ್ ಗುರುತಿರುವ ಸಾಮಾನ್ಯ ಕೆಪಾಸಿಟರ್ ಇಲ್ಲಿ ಬೇಡವೇ ಬೇಡ, ಸ್ಪೀಕರ್ ತಂತಿಯಲ್ಲಿ ಓಡುವುದು ಏಸಿ. ವೋಲ್ಟೇಜ್ ವಿಷಯಕ್ಕೆ ಬಂದರೆ, 4 ಓಮ್‌ಗೆ 100 ವಾಟ್ ಕೊಡುವ ಆಂಪ್ ಅಂದರೆ 20 ವೋಲ್ಟ್, ಅದರ ತುದಿ 28 ವೋಲ್ಟ್. 100 ವೋಲ್ಟ್ ಕೆಪಾಸಿಟರ್ ತಂದರೆ ಚಿಂತೆಯೇ ಇಲ್ಲ.

ಕಾಯಿಲ್ ಕೊಳ್ಳಲು ಸಿಗುತ್ತದೆ, ಆದರೆ ಸುತ್ತಿಕೊಳ್ಳುವುದು ನಿಜಕ್ಕೂ ಖುಷಿಯ ಕೆಲಸ. ಮೋಟಾರ್ ರಿವೈಂಡಿಂಗ್‌ಗೆ ಬಳಸುವ ಎನಾಮಲ್ ಹಚ್ಚಿದ ತಾಮ್ರದ ತಂತಿ ಬೇಕು, 1 ಮಿಲಿಮೀಟರ್ ದಪ್ಪದ್ದು. ಒಳಗೆ ಕಬ್ಬಿಣ ಅಥವಾ ಫೆರೈಟ್ ಬೇಡ, ಗಾಳಿಯೇ ಇರಲಿ. ಕೋರ್ ಇದ್ದರೆ ಕಡಿಮೆ ತಂತಿ ಸಾಕಾಗುತ್ತದೆ ನಿಜ, ಆದರೆ ಜೋರಾಗಿ ಹಾಕಿದಾಗ ಕೋರ್ ತುಂಬಿಹೋಗಿ ಸದ್ದು ಒಡೆಯುತ್ತದೆ. 0.25 ಮಿಲಿಹೆನ್ರಿಯಷ್ಟು ಚಿಕ್ಕದಕ್ಕೆ ಆ ಉಸಾಬರಿ ಬೇಕಿಲ್ಲ.

25 ಮಿಲಿಮೀಟರ್ ಹೊರ ಅಗಲದ ಪ್ಲಾಸ್ಟಿಕ್ ಪೈಪ್ ತುಂಡು ತೆಗೆದುಕೊಳ್ಳಿ. ಎರಡೂ ಬದಿಗೆ ಪ್ಲೈವುಡ್ ಅಥವಾ ಅಕ್ರಿಲಿಕ್ ಬಿಲ್ಲೆ ಇಟ್ಟು, ನಡುವೆ ಸರಿಯಾಗಿ 20 ಮಿಲಿಮೀಟರ್ ಜಾಗ ಬಿಡಿ. ಎರಡನ್ನೂ ಒಂದು ಉದ್ದದ ಬೋಲ್ಟ್ ಹಾಕಿ ಬಿಗಿದರೆ ಸುತ್ತುವ ರೀಲ್ ತಯಾರು. ಒಂದು ಪದರದಲ್ಲಿ ಸುಮಾರು 18 ಸುತ್ತು ಕೂರುತ್ತದೆ. ಈ ಅಳತೆಗೆ 105 ಸುತ್ತು, ಅಂದರೆ ಸುಮಾರು ಆರು ಪದರ ಹಾಕಿದರೆ 0.25 ಮಿಲಿಹೆನ್ರಿ ಸಿಗುತ್ತದೆ. ಲಿಂಕ್‌ವಿಟ್ಜ್-ರೈಲಿಯ 0.36 ಕ್ಕೆ ಅದೇ ರೀಲ್ ಮೇಲೆ ಸುಮಾರು 124 ಸುತ್ತು. ನಿಮ್ಮ ರೀಲ್ ಬೇರೆ ಅಳತೆಯದಾದರೆ ಇಂಜಿನಿಯರ್ ಹೆರಾಲ್ಡ್ ವೀಲರ್ ಅವರ ಸೂತ್ರ ಬಳಸಿ. ಸುತ್ತಿನ ಸರಾಸರಿ ತ್ರಿಜ್ಯ, ಕಾಯಿಲ್‌ನ ಅಗಲ, ಪದರಗಳ ಒಟ್ಟು ದಪ್ಪ ಮೂರನ್ನೂ ಸೆಂಟಿಮೀಟರ್‌ನಲ್ಲಿ ತೆಗೆದುಕೊಳ್ಳಿ.

ಮೈಕ್ರೋಹೆನ್ರಿ = 0.315 × ತ್ರಿಜ್ಯದ ವರ್ಗ × ಸುತ್ತುಗಳ ವರ್ಗ ÷ (6 × ತ್ರಿಜ್ಯ + 9 × ಅಗಲ + 10 × ದಪ್ಪ)

ಒಂದು ಕಾಯಿಲ್‌ಗೆ 10 ಮೀಟರ್‌ಗಿಂತ ತುಸು ಜಾಸ್ತಿ ತಂತಿ ಹೋಗುತ್ತದೆ. ನಾಲ್ಕಕ್ಕೆ ಸುಮಾರು 300 ಗ್ರಾಂ, ಕೈಯಲ್ಲಿ 350 ಇರಲಿ. ಬಿಗಿಯಾಗಿ, ಸಾಲಾಗಿ ಸುತ್ತಿ. ಲೆಕ್ಕಕ್ಕಿಂತ ಹತ್ತು ಸುತ್ತು ಹೆಚ್ಚು ಹಾಕಿ ಅಳೆಯಿರಿ, ಆಮೇಲೆ ಒಂದೊಂದೇ ಬಿಚ್ಚುತ್ತಾ ಬೇಕಾದ ಬೆಲೆಗೆ ಇಳಿಸಿ. ಸುತ್ತು ಕಡಿಮೆಯಾದರೆ ಸೇರಿಸುವುದು ಕಷ್ಟ, ಬಿಚ್ಚುವುದು ಸುಲಭ.

ಅಳೆಯಲು ಎಲ್‌ಸಿಆರ್ ಮೀಟರ್ (ಕಾಯಿಲ್, ಕೆಪಾಸಿಟರ್ ಬೆಲೆ ತೋರಿಸುವ ಮೀಟರ್) ಇದ್ದರೆ ನೇರ. ಇಲ್ಲದಿದ್ದರೆ ಹಂತ 1 ರ ಉಪಾಯವೇ ಮತ್ತೆ ಬರುತ್ತದೆ. 4.7 ಓಮ್ ರೆಸಿಸ್ಟರ್ ಮತ್ತು ಕಾಯಿಲ್ ಅನ್ನು ಒಂದರ ಹಿಂದೆ ಒಂದು ಜೋಡಿಸಿ ಟೋನ್ ಬಿಡಿ. ಎರಡರ ಮೇಲೂ ವೋಲ್ಟೇಜ್ ಸಮ ಆಗುವ ಫ್ರೀಕ್ವೆನ್ಸಿ ಹುಡುಕಿ. 0.25 ಮಿಲಿಹೆನ್ರಿ ಇದ್ದರೆ ಅದು 3,000 ಹರ್ಟ್ಸ್ ಹತ್ತಿರ ಆಗಬೇಕು. ಅದಕ್ಕಿಂತ ಕೆಳಗೇ ಸಮ ಆದರೆ ಕಾಯಿಲ್ ದೊಡ್ಡದಾಗಿದೆ, ಬಿಚ್ಚಿ. ಕೆಪಾಸಿಟರ್ ಅನ್ನೂ ಹೀಗೇ ಪರೀಕ್ಷಿಸಬಹುದು: 8.2 ಮೈಕ್ರೋಫ್ಯಾರಡ್‌ಗೆ 4,100 ರ ಆಸುಪಾಸು ಸಮ ಆಗುತ್ತದೆ.

ಮುಗಿದ ಕಾಯಿಲ್‌ನ ತಂತಿ ತಡೆ ಸುಮಾರು 0.23 ಓಮ್ ಇರುತ್ತದೆ. ವೂಫರ್ ದಾರಿಯಲ್ಲಿ ಇದರಿಂದ ಅರ್ಧ ಡೆಸಿಬೆಲ್ ಕಳೆದುಹೋಗುತ್ತದೆ, ಅಷ್ಟು ಪರವಾಗಿಲ್ಲ. ತೆಳು ತಂತಿಯಲ್ಲಿ ಸುತ್ತಿದರೆ ಈ ನಷ್ಟ ಏರುತ್ತದೆ. ಬಿಡಿಸಿಕೊಳ್ಳದಂತೆ ನಾಲ್ಕು ಕಡೆ ಕೇಬಲ್ ಟೈ ಹಾಕಿ, ತುದಿಗಳ ಎನಾಮಲ್ ಅನ್ನು ಮರಳು ಕಾಗದದಿಂದ ಸುತ್ತಲೂ ಪೂರ್ತಿ ಉಜ್ಜಿ, ಬೆಸುಗೆ ಲೇಪಿಸಿ ಇಡಿ. ಎನಾಮಲ್ ಅರೆಬರೆ ಉಳಿದರೆ ಬೆಸುಗೆ ಹಿಡಿದ ಹಾಗೆ ಕಾಣುತ್ತದೆ, ಕರೆಂಟ್ ಹೋಗುವುದಿಲ್ಲ. ಸ್ಪೀಕರ್ ಬಿಟ್ಟು ಬಿಟ್ಟು ನುಡಿಯುವುದಕ್ಕೆ ಇದು ಸಾಮಾನ್ಯ ಕಾರಣ.

ಹಂತ 5: ವೂಫರ್ ಇಂಪಿಡೆನ್ಸ್ ಪಳಗಿಸುವುದು

ವೂಫರ್‌ನ ವಾಯ್ಸ್ ಕಾಯಿಲ್ ಕೂಡ ಒಂದು ಕಾಯಿಲ್ಲೇ. ಫ್ರೀಕ್ವೆನ್ಸಿ ಏರಿದಂತೆ ಅದರ ಇಂಪಿಡೆನ್ಸ್ ಏರುತ್ತದೆ. ತಂತಿ ತಡೆ 3.4 ಓಮ್, ಇಂಡಕ್ಟೆನ್ಸ್ (ಮಿಲಿಹೆನ್ರಿಯಲ್ಲಿ ಕಾಯಿಲ್‌ನ ಬೆಲೆ) 0.4 ಮಿಲಿಹೆನ್ರಿ ಇರುವ ವೂಫರ್ 3,500 ಹರ್ಟ್ಸ್‌ನಲ್ಲಿ ಲೆಕ್ಕದ ಪ್ರಕಾರ 9 ಓಮ್ ದಾಟುತ್ತದೆ. ನಿಜದ ಅಳತೆಯಲ್ಲಿ ಸ್ವಲ್ಪ ಕಡಿಮೆ ಬರಬಹುದು. ನಾವು 4 ಓಮ್ ಅಂತ ಲೆಕ್ಕ ಹಾಕಿದ ಫಿಲ್ಟರ್ ಇಲ್ಲಿ ಹೇಳಿದ ಮಾತು ಕೇಳುವುದಿಲ್ಲ. ವೂಫರ್ ಮೇಲಿನವರೆಗೂ ನುಡಿಯುತ್ತಲೇ ಇರುತ್ತದೆ, ಟ್ವೀಟರ್ ಜೊತೆ ಜಗಳವಾಡುತ್ತದೆ.

ಇದಕ್ಕೆ ಮದ್ದು ಜೋಬೆಲ್ ಜೋಡಿ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಎರಡನ್ನೂ ಒಂದರ ಹಿಂದೆ ಒಂದು ಸೇರಿಸಿ ವೂಫರ್‌ನ ಪ್ಲಸ್ ಮೈನಸ್‌ಗೆ ಅಡ್ಡಲಾಗಿ ಹಾಕುವುದು. ರೆಸಿಸ್ಟರ್ ಅಂದರೆ ತಂತಿ ತಡೆಯ 1.25 ರಷ್ಟು. ಕೆಪಾಸಿಟರ್ ಅಂದರೆ ಇಂಡಕ್ಟೆನ್ಸ್ ಅನ್ನು ಆ ರೆಸಿಸ್ಟರ್‌ನ ವರ್ಗದಿಂದ ಭಾಗಿಸಿದ್ದು. ಮೇಲಿನ ವೂಫರ್‌ಗೆ 4.25 ಓಮ್ ಮತ್ತು 22 ಮೈಕ್ರೋಫ್ಯಾರಡ್ ಬರುತ್ತದೆ. 3.9 ಓಮ್, 10 ವಾಟ್ ರೆಸಿಸ್ಟರ್ ಹಾಕಿದರೆ ಆಯಿತು. ಈ ಕೆಪಾಸಿಟರ್ ನಾನ್-ಪೋಲಾರ್ ಎಲೆಕ್ಟ್ರೋಲಿಟಿಕ್ ಆದರೂ ನಡೆಯುತ್ತದೆ. ಹಾಕಿದ ಮೇಲೆ ಹಂತ 1 ರ ಹಾಗೆ ಮತ್ತೆ ಅಳೆಯಿರಿ. 1,000 ದಿಂದ 5,000 ದವರೆಗೆ ಇಂಪಿಡೆನ್ಸ್ ಹೆಚ್ಚುಕಡಿಮೆ 4 ರ ಸುತ್ತ ನಿಂತಿದ್ದರೆ ಫಿಲ್ಟರ್ ಲೆಕ್ಕ ಈಗ ನಿಜವಾಗುತ್ತದೆ. ಬಹಳ ಜನ ಈ ಹೆಜ್ಜೆಯನ್ನೇ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಹಂತ 6: ಟ್ವೀಟರ್ ಸದ್ದು ಇಳಿಸುವುದು

ಟ್ವೀಟರ್ ಕಿವಿಗೆ ಹತ್ತಿರ, ವೂಫರ್ ದೂರ. ಗಾಜಿನ ಪ್ರತಿಫಲನ ಬೇರೆ. ಟ್ವೀಟರ್ ಜಾಸ್ತಿ ಕೇಳಿಸದೇ ಇದ್ದರೆ ಅದೇ ಆಶ್ಚರ್ಯ. ಸುಮ್ನೆ ಒಂದು ರೆಸಿಸ್ಟರ್ ಅನ್ನು ತಂತಿಯಲ್ಲಿ ಹಾಕಿದರೆ ಸದ್ದೇನೋ ಇಳಿಯುತ್ತದೆ, ಆದರೆ ಫಿಲ್ಟರ್‌ಗೆ ಕಾಣುವ ಇಂಪಿಡೆನ್ಸ್ ಬದಲಾಗುತ್ತದೆ. 10 ಮೈಕ್ರೋಫ್ಯಾರಡ್ ಮತ್ತು 4 ಓಮ್ ಇದ್ದಾಗ 4,000 ದಲ್ಲಿ ಕತ್ತರಿಸುತ್ತಿದ್ದದ್ದು, 2.2 ಓಮ್ ಸೇರಿದ ಕೂಡಲೇ 2,600 ಕ್ಕೆ ಇಳಿಯುತ್ತದೆ. ರಕ್ಷಿಸಲು ಹೋಗಿ ಟ್ವೀಟರ್‌ಗೆ ಇನ್ನಷ್ಟು ಕೆಳಗಿನ ಸ್ವರ ಕೊಟ್ಟಂತಾಯಿತು.

ಸರಿಯಾದ ದಾರಿ ಎರಡು ರೆಸಿಸ್ಟರ್‌ಗಳ ಎಲ್-ಪ್ಯಾಡ್. ಫಿಲ್ಟರ್ ಮುಗಿದ ಮೇಲೆ, ಟ್ವೀಟರ್‌ಗೆ ಮುಂಚೆ ಅದು ಬರುತ್ತದೆ: ಒಂದು ರೆಸಿಸ್ಟರ್ ತಂತಿಯ ಸಾಲಿನಲ್ಲಿ, ಇನ್ನೊಂದು ಟ್ವೀಟರ್‌ಗೆ ಅಡ್ಡಲಾಗಿ. 4 ಓಮ್ ಟ್ವೀಟರ್‌ಗೆ ಹೀಗೆ:

2 ಡೆಸಿಬೆಲ್ ಇಳಿಸಲು ಸಾಲಿನಲ್ಲಿ 0.82 ಓಮ್, ಅಡ್ಡಲಾಗಿ 15 ಓಮ್
3 ಡೆಸಿಬೆಲ್‌ಗೆ 1.2 ಓಮ್, 10 ಓಮ್
6 ಡೆಸಿಬೆಲ್‌ಗೆ 2 ಓಮ್, 3.9 ಓಮ್

ಫಿಲ್ಟರ್‌ಗೆ ಮಾತ್ರ ಎಲ್ಲದರಲ್ಲೂ 4 ಓಮ್ ಸುತ್ತಮುತ್ತವೇ ಕಾಣುತ್ತದೆ. 3 ಡೆಸಿಬೆಲ್‌ನಿಂದ ಶುರು ಮಾಡಿ. ರೆಸಿಸ್ಟರ್‌ಗಳು 10 ವಾಟ್‌ನ ಸಿಮೆಂಟ್ ಮಾದರಿ ಇರಲಿ.

ಹಂತ 7: ಬೋರ್ಡ್ ಮೇಲೆ ಕೂರಿಸುವುದು

ಚುಕ್ಕಿ ತೂತಿನ ತೆಳು ಬೋರ್ಡ್ ಇಲ್ಲಿ ಸಾಲದು, ಕಾಯಿಲ್ ತೂಕಕ್ಕೇ ಬಾಗುತ್ತದೆ. 4 ರಿಂದ 6 ಮಿಲಿಮೀಟರ್ ಪ್ಲೈವುಡ್ ಅಥವಾ ಫೈಬರ್ ಹಾಳೆ ತೆಗೆದುಕೊಳ್ಳಿ. ಮೊದಲು ಪೇಪರ್ ಮೇಲೆ ಜೋಡಿಸಿ ನೋಡಿ.

ಎರಡು ಕಾಯಿಲ್‌ಗಳ ಜಾಗ ಬಹಳ ಮುಖ್ಯ. ಪಕ್ಕಪಕ್ಕ ಒಂದೇ ದಿಕ್ಕಿಗೆ ಮಲಗಿಸಿದರೆ ಒಂದರ ಕಾಂತಕ್ಷೇತ್ರ ಇನ್ನೊಂದಕ್ಕೆ ಹಾಯುತ್ತದೆ, ವೂಫರ್‌ನ ಸದ್ದು ಟ್ವೀಟರ್‌ಗೆ ಕದ್ದು ನುಗ್ಗುತ್ತದೆ. ಬೋರ್ಡ್‌ನ ಎರಡು ತುದಿಗೆ ಒಂದೊಂದು ಇಡಿ. ಒಂದನ್ನು ಮಲಗಿಸಿ, ಇನ್ನೊಂದನ್ನು ನಿಲ್ಲಿಸಿ. ಕಾಯಿಲ್ ನಡುವೆ ಕಬ್ಬಿಣದ ಬೋಲ್ಟ್ ಹಾಕಿ ಬಿಗಿಯಬೇಡಿ, ಅದು ಬೆಲೆಯನ್ನೇ ಬದಲಿಸುತ್ತದೆ. ಸುತ್ತಲು ಬಳಸಿದ ಬೋಲ್ಟ್ ಅನ್ನೂ ತೆಗೆಯಿರಿ, ಅಳೆಯುವ ಮುಂಚೆಯೇ. ಹಿಡಿದಿಡಲು ಕೇಬಲ್ ಟೈ ಮತ್ತು ಎಪಾಕ್ಸಿ ಅಂಟು. ಗ್ಲೂ ಗನ್ ಅಂಟು ಬಿಸಿಲಿಗೆ ಮೆತ್ತಗಾಗಿ ಬಿಡುತ್ತದೆ, ಅದನ್ನು ನಂಬಬೇಡಿ. ಸಿಮೆಂಟ್ ರೆಸಿಸ್ಟರ್‌ಗಳನ್ನು ಬೋರ್ಡ್‌ನಿಂದ ಸ್ವಲ್ಪ ಎತ್ತರಿಸಿ ಕೂರಿಸಿ, ಫಿಲ್ಮ್ ಕೆಪಾಸಿಟರ್‌ಗೆ ತಾಗದಿರಲಿ. ವೂಫರ್ ದಾರಿಗೆ 1.5 ಚದರ ಮಿಲಿಮೀಟರ್ ತಂತಿ, ಟ್ವೀಟರ್‌ಗೆ 0.75 ಸಾಕು. ಒಳಕ್ಕೆ, ಹೊರಕ್ಕೆ ಸ್ಕ್ರೂ ಟರ್ಮಿನಲ್ ಇದ್ದರೆ ಮುಂದೆ ತಿದ್ದುವಾಗ ಅನುಕೂಲ.

ಹಂತ 8: ಪವರ್ ಕೊಡುವ ಮುಂಚೆ

ಸ್ಪೀಕರ್ ಯಾವುದೂ ಜೋಡಿಸದೆ ಮೀಟರ್ ಅನ್ನು ಓಮ್‌ಗೆ ಇಟ್ಟು ಇನ್‌ಪುಟ್‌ನ ಪ್ಲಸ್ ಮೈನಸ್ ನಡುವೆ ನೋಡಿ. ಒಂದು ಕ್ಷಣ ಕುಣಿದು ಓಪನ್ ತೋರಿಸಬೇಕು. ಶಾರ್ಟ್ ತೋರಿಸಿದರೆ ಎಲ್ಲೋ ತಂತಿ ತಪ್ಪಿದೆ. ಇನ್‌ಪುಟ್ ಪ್ಲಸ್‌ನಿಂದ ವೂಫರ್ ಪ್ಲಸ್‌ಗೆ ಸುಮಾರು 0.2 ಓಮ್ ಇರಬೇಕು. ಇನ್‌ಪುಟ್ ಪ್ಲಸ್‌ನಿಂದ ಟ್ವೀಟರ್ ಪ್ಲಸ್‌ಗೆ ಓಪನ್ ಇರಬೇಕು, ನಡುವೆ ಕೆಪಾಸಿಟರ್ ಇದೆಯಲ್ಲ. ಟ್ವೀಟರ್ ಔಟ್‌ಪುಟ್‌ನ ಪ್ಲಸ್ ಮೈನಸ್ ನಡುವೆ ಒಂದೆರಡು ಓಮ್ ಅಥವಾ ಇನ್ನೂ ಕಡಿಮೆ ಕಂಡರೆ ಅದು ತಪ್ಪಲ್ಲ. ಅಡ್ಡ ಹಾಕಿದ ಕಾಯಿಲ್ ಅಲ್ಲಿದೆ.

ಇನ್ನೊಂದು ಎಚ್ಚರಿಕೆ. ಎರಡನೇ ದರ್ಜೆಯ ಕ್ರಾಸ್‌ಓವರ್‌ಗೆ ಸ್ಪೀಕರ್ ಜೋಡಿಸದೆ ಆಂಪ್ ಹಚ್ಚಿ ಹಾಡು ಹಾಕಬೇಡಿ. ಸ್ಪೀಕರ್ ಇಲ್ಲದಾಗ ಕಾಯಿಲ್ ಮತ್ತು ಕೆಪಾಸಿಟರ್ ಎರಡೇ ಉಳಿದು, ಕತ್ತರಿಸುವ ಫ್ರೀಕ್ವೆನ್ಸಿಯಲ್ಲಿ ಆಂಪ್‌ಗೆ ಬಹುತೇಕ ಶಾರ್ಟ್ ಆಗಿ ಕಾಣುತ್ತವೆ. ಟ್ವೀಟರ್ ಮಾತ್ರ ಕೇಳೋಣ ಅಂತ ವೂಫರ್ ತಂತಿ ಬಿಚ್ಚುವುದೂ ಇದೇ ತಪ್ಪು. ಹಾಗೆ ಕೇಳಬೇಕಾದರೆ ಆ ದಾರಿಯ ಇನ್‌ಪುಟ್ ತಂತಿಯನ್ನೇ ಬಿಚ್ಚಿ.

ಈಗ ಸ್ಪೀಕರ್ ಜೋಡಿಸಿ, ಬಾಸ್ ಬೂಸ್ಟ್ ತೆಗೆದು, ಕಡಿಮೆ ವಾಲ್ಯೂಮ್‌ನಲ್ಲಿ 3,500 ಹರ್ಟ್ಸ್ ಬಿಡಿ. ಇನ್‌ಪುಟ್‌ನಲ್ಲಿ 1 ವೋಲ್ಟ್ ಇದ್ದರೆ ವೂಫರ್ ಮೇಲೆ 0.7 ರ ಸುತ್ತ ಬರಬೇಕು, ಟ್ವೀಟರ್ ದಾರಿಯಲ್ಲಿ ಎಲ್-ಪ್ಯಾಡ್‌ಗೆ ಮುಂಚೆ ಅಷ್ಟೇ. ಲಿಂಕ್‌ವಿಟ್ಜ್-ರೈಲಿ ಆದರೆ 0.5. ಟೋನ್ ಅನ್ನು 500 ಕ್ಕೆ ಇಳಿಸಿದರೆ ಟ್ವೀಟರ್ ಮೇಲೆ ಬಹುತೇಕ ಏನೂ ಇರಬಾರದು. ಈ ಸಂಖ್ಯೆಗಳು ಬಂದರೆ ಬೋರ್ಡ್ ಸರಿಯಿದೆ.

ಹಂತ 9: ಕಾರಿನಲ್ಲಿ ಕೇಳಿ ತಿದ್ದುವುದು

ಕ್ರಾಸ್‌ಓವರ್ ಅನ್ನು ಬಾಗಿಲಿನ ಒಳಗೆ ಇಡಬೇಡಿ. ಗಾಜಿನ ಮೇಲಿನ ಮಳೆನೀರು ಇಳಿಯುವುದು ಅಲ್ಲೇ. ಡ್ಯಾಶ್‌ಬೋರ್ಡ್ ಕೆಳಗೆ ಅಥವಾ ಸೀಟಿನ ಅಡಿ, ಕಬ್ಬಿಣದ ತಗಡಿನಿಂದ ಒಂದೆರಡು ಸೆಂಟಿಮೀಟರ್ ಎತ್ತರಿಸಿ, ಗಾಳಿಯಾಡುವ ಡಬ್ಬಿಯಲ್ಲಿ ಕೂರಿಸಿ.

ಮೊದಲ ಪ್ರಶ್ನೆ ಪೋಲಾರಿಟಿ, ಅಂದರೆ ಟ್ವೀಟರ್‌ನ ಪ್ಲಸ್ ಮೈನಸ್ ಯಾವ ಕಡೆ ಅನ್ನುವುದು. ಪುಸ್ತಕದ ಪ್ರಕಾರ 12 ಡೆಸಿಬೆಲ್ ಕ್ರಾಸ್‌ಓವರ್‌ನಲ್ಲಿ ಟ್ವೀಟರ್ ತಂತಿಗಳನ್ನು ಉಲ್ಟಾ ಹಾಕಬೇಕು. ಎರಡು ಸ್ಪೀಕರ್‌ಗಳೂ ಕಿವಿಯಿಂದ ಒಂದೇ ದೂರದಲ್ಲಿದ್ದರೆ ಅದು ನಿಜ. 3,500 ಹರ್ಟ್ಸ್‌ನ ಅಲೆ 10 ಸೆಂಟಿಮೀಟರ್ ಕೂಡ ಉದ್ದ ಇಲ್ಲ. 5 ಸೆಂಟಿಮೀಟರ್ ದೂರ ಹೆಚ್ಚುಕಡಿಮೆ ಆದರೆ ಸಾಕು, ಪ್ಲಸ್ ಮೈನಸ್ ಅದಲು ಬದಲಾದಂತೆ. ಕಾರಿನಲ್ಲಿ ಟ್ವೀಟರ್ ಮುಂಗಾಜಿನ ಪಕ್ಕದ ಕಂಬದ ಮೇಲೆ, ವೂಫರ್ ಬಾಗಿಲ ಕೆಳಗೆ. ಅಲ್ಲಿನ ದೂರದ ವ್ಯತ್ಯಾಸ ಇದಕ್ಕಿಂತ ಎಷ್ಟೋ ಪಟ್ಟು. ಹಾಗಾಗಿ ಯಾವ ನಿಯಮವೂ ಬೇಡ, ಎರಡೂ ರೀತಿ ಹಾಕಿ ಕೇಳಿ. ಒಂದು ಬದಿಯನ್ನು ಮಾತ್ರ ನುಡಿಸಿ, ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ, ಸುಯ್ ಅನ್ನುವ ಪರೀಕ್ಷೆಯ ಸದ್ದು) ಹಾಕಿ, ನೀವು ಯಾವಾಗಲೂ ಕೂರುವ ಸೀಟಿನಲ್ಲೇ ಕೂತು, ಟ್ವೀಟರ್ ತಂತಿ ಅದಲು ಬದಲು ಮಾಡಿ. ಯಾವುದರಲ್ಲಿ ಸದ್ದು ತುಂಬಿಕೊಂಡು, ಸ್ಪೀಕರ್‌ಗಳ ನಡುವಿನಿಂದ ಬಂದಂತೆ ಕೇಳುತ್ತದೋ ಅದು ಸರಿ. ಆಮೇಲೆ ಇನ್ನೊಂದು ಬದಿಯನ್ನು ಬೇರೆಯಾಗಿ ಕೇಳಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಉತ್ತರ ಬಂದರೂ ಒಪ್ಪಿಕೊಳ್ಳಿ, ನಿಮ್ಮಿಂದ ಅವು ಬೇರೆ ಬೇರೆ ದೂರದಲ್ಲಿವೆ.

ಪೋಲಾರಿಟಿ ಗೊತ್ತಾದ ಮೇಲೆ ಮಟ್ಟ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ದನಿಯ ಹಾಡು ಹಾಕಿ. ಸ, ಶ ಅಕ್ಷರಗಳು ಚುಚ್ಚುತ್ತಿದ್ದರೆ ಎಲ್-ಪ್ಯಾಡ್ ಅನ್ನು 3 ರಿಂದ 6 ಡೆಸಿಬೆಲ್‌ಗೆ ಇಳಿಸಿ. ದನಿ ಕಂಬಳಿ ಹೊದ್ದಂತಿದ್ದರೆ 2 ಕ್ಕೆ ಏರಿಸಿ. ಜೋರು ಮಾಡಿದಾಗ ಮಾತ್ರ ಟ್ವೀಟರ್ ಒಡೆದಂತೆ ಕೇಳಿದರೆ ಅದು ಮಟ್ಟದ ಸಮಸ್ಯೆಯಲ್ಲ, ಕತ್ತರಿಸುವ ಜಾಗ ತೀರಾ ಕೆಳಗಿದೆ. ಟ್ವೀಟರ್ ದಾರಿಯ 8.2 ಅನ್ನು 6.8 ಮೈಕ್ರೋಫ್ಯಾರಡ್ ಮಾಡಿ ನೋಡಿ. ಒಡೆಯುತ್ತಿರುವುದು ವೂಫರ್ ಕೂಡ ಹೌದಾದರೆ ಆಂಪ್ ತನ್ನ ಮಿತಿ ದಾಟಿದೆ. ಹೊರಗಿನ ಆಂಪ್ ಇಲ್ಲದ ಸ್ಟೀರಿಯೋ ಆದರೆ ಇದು ಬೇಗ ಆಗುತ್ತದೆ. 14.4 ವೋಲ್ಟ್‌ನಿಂದ 4 ಓಮ್‌ಗೆ, ಯಾವ ನಷ್ಟವೂ ಇಲ್ಲ ಅಂದುಕೊಂಡರೂ, ಒಂದು ಚಾನೆಲ್‌ಗೆ ಸ್ವಚ್ಛವಾಗಿ ಬರುವುದು 26 ವಾಟ್ ಅಷ್ಟೇ, ಡಬ್ಬಿ ಮೇಲೆ ಏನೇ ಬರೆದಿರಲಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಬರೆದಿಡಿ, ಕಡೇಪಕ್ಷ ಒಂದು ದಿನ ಓಡಾಡಿ ಕೇಳಿ. ನಿಂತ ಕಾರಿನಲ್ಲಿ ಸರಿಯೆನಿಸಿದ ಟ್ವೀಟರ್ ಮಟ್ಟ ಓಡುವ ಕಾರಿನಲ್ಲಿ ಬೇರೆಯೇ ಕೇಳಬಹುದು. ಬೆಲೆಗಳು ಗಟ್ಟಿಯಾದ ಮೇಲೆ ತಾತ್ಕಾಲಿಕ ಕ್ಲಿಪ್‌ಗಳನ್ನೆಲ್ಲ ತೆಗೆದು ಬೆಸುಗೆ ಹಾಕಿ. ಬೋರ್ಡ್ ಹಿಂಬದಿಯಲ್ಲಿ ಕೊನೆಗೆ ಉಳಿದ ಬೆಲೆಗಳನ್ನೂ ಪ್ರತಿ ಬದಿಯ ಪೋಲಾರಿಟಿಯನ್ನೂ ಮಾರ್ಕರ್‌ನಿಂದ ಬರೆಯಿರಿ. ಕೆಲವು ವಾರ ಓಡಿಸಿದ ಮೇಲೆ ಒಮ್ಮೆ ತೆರೆದು ಟರ್ಮಿನಲ್ ಸ್ಕ್ರೂಗಳನ್ನು ಮತ್ತೆ ಬಿಗಿಯಿರಿ, ಅಲುಗಾಟಕ್ಕೆ ಅವು ಸಡಿಲವಾಗಿರುತ್ತವೆ.